ಗೋತ್ರಕ್ಕೆ ರಕ್ತದ ಗುರುತಿಲ್ಲ

ಗೋತ್ರವೆಂಬುದು ನಮ್ಮ ಋಷಿಗಳು ಕಂಡುಹಿಡಿದ ವಂಶಶಾಸ್ತ್ರವೆಂದೂ, ಪಾಶ್ಚಾತ್ಯರು ಇಂದು ಪ್ರಯೋಗಶಾಲೆಗಳಲ್ಲಿ ಕುಳಿತು ಹೇಳುವ ಮಾತನ್ನು ನಮ್ಮವರು ಎಂದೋ ಹೇಳಿ ಮುಗಿಸಿದ್ದರೆಂದೂ ಒಂದು ವಾದ ಈಚೆಗೆ ಮದುವೆಯ ಚಪ್ಪರದಿಂದ ಹಿಡಿದು ವಿದ್ಯಾವಂತರ ವೇದಿಕೆಯವರೆಗೆ ಕೇಳಿಬರುತ್ತಿದೆ. ಇದರ ಜೊತೆಗೇ ಇನ್ನೊಂದು ಮಾತೂ ಉಂಟು: ‘ರಕ್ತ ರಕ್ತವನ್ನು ಕರೆಯುತ್ತದೆ, ಕರುಳಿನ ಸಂಬಂಧವನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಪಶುಪಕ್ಷಿಗಳಿಗೂ ತಮ್ಮವರು ಯಾರೆಂದು ಗೊತ್ತಿದೆ.’ ಈ ಎರಡು ಮಾತುಗಳೂ ತಪ್ಪು ಎಂಬುದು ನನ್ನ ವಾದ. ಕೇವಲ ತಪ್ಪಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಈ ತಪ್ಪಿನ ಬೆಲೆಯನ್ನು ತೆರುವವರು ವಾದ ಮಾಡುವ ಹಿರಿಯರಲ್ಲ, ಇನ್ನೂ ಹುಟ್ಟದಿರುವ ಮಕ್ಕಳು. ಆದ್ದರಿಂದ ಬರೆಯಬೇಕಾಗಿದೆ.

ನಾನು ಶಿರೂರಿನವನು. ಉಡುಪಿ ಜಿಲ್ಲೆಯ ಬಡಗು ತುದಿಯಲ್ಲಿ, ಭಟ್ಕಳಕ್ಕೆ ತಾಗಿಕೊಂಡಿರುವ ಶಿರೂರು. ಮಠದ ಹೆಸರಿನಿಂದ ಪ್ರಸಿದ್ಧವಾದ ಶೀರೂರಲ್ಲ; ಅಂಕೋಲೆಯ ಕಡೆಯ ಶಿರೂರೂ ಅಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ಈ ಊರುಗಳಿಗೆ ಪರಸ್ಪರ ನೆಂಟಸ್ತನವೇನೂ ಇಲ್ಲ. ನಾನು ಮುಂದೆ ಹೇಳಹೊರಟಿರುವುದರ ಸಾರವೂ ಬಹುಮಟ್ಟಿಗೆ ಇಷ್ಟೆ. 1956ರವರೆಗೆ ಮದ್ರಾಸು ಮತ್ತು ಮುಂಬಯಿ ರಾಜ್ಯಗಳ ಗಡಿ ನಮ್ಮ ಊರಿನ ಬಡಗು ಮಗ್ಗುಲಲ್ಲೇ ಹಾದುಹೋಗುತ್ತಿತ್ತು. ಗಡಿಯ ಊರಾದ್ದರಿಂದ ಇಲ್ಲಿ ಎಲ್ಲ ಬಗೆಯ ಜನರೂ ಇದ್ದಾರೆ. ಹೆದ್ದಾರಿಯುದ್ದಕ್ಕೆ ಒಂದು ಮೈಲಿ ನಡೆದರೆ ಸಾಕು, ಹೆಣ್ಣು ಕೊಡುವಾಗ ತಾಯಿಯ ಕಡೆಯ ‘ಬಳಿ’ ನೋಡುವವರು, ತಂದೆಯ ಕಡೆಯ ಗೋತ್ರ ನೋಡುವವರು, ಎರಡನ್ನೂ ನೋಡದೆ ಕುರಾನಿನಲ್ಲಿ ನಿಷೇಧಿಸಿದ ಸಂಬಂಧಗಳ ಪಟ್ಟಿಯನ್ನು ನೋಡುವವರು, ಮೂವರೂ ಸಿಗುತ್ತಾರೆ.

ಈ ಮೂವರ ಮುಂದೆ ಒಂದೇ ಪ್ರಶ್ನೆಯನ್ನು ಇಡೋಣ: ಒಬ್ಬನು ತನ್ನ ಅಕ್ಕನ ಮಗಳನ್ನು ಮದುವೆಯಾಗಬಹುದೆ? ಬಳಿ ನೋಡುವವರು ‘ಛೀ, ಕೂಡದು’ ಎನ್ನುತ್ತಾರೆ. ಬಳಿ ತಾಯಿಯಿಂದ ಮಕ್ಕಳಿಗೆ ಬರುವಂಥದು. ಅಕ್ಕ, ತಮ್ಮ, ಅಕ್ಕನ ಮಗಳು ಮೂವರದೂ ಒಂದೇ ಬಳಿ. ಒಂದೇ ಬಳಿಯೊಳಗೆ ಮದುವೆಯಿಲ್ಲ. ಮುಸಲ್ಮಾನರೂ ಕೂಡದೆನ್ನುತ್ತಾರೆ, ಸೋದರಿಯ ಮಗಳು ಅವರಲ್ಲಿ ಸ್ಪಷ್ಟವಾಗಿ ನಿಷಿದ್ಧಳು. ಗೋತ್ರ ನೋಡುವವರಲ್ಲಿ ಹಲವರು, ಮುಖ್ಯವಾಗಿ ಘಟ್ಟದ ಮೇಲಿನವರು, ‘ಧಾರಾಳವಾಗಿ ಆಗಬಹುದು’ ಎನ್ನುತ್ತಾರೆ; ಅಕ್ಕನ ಮಗಳ ಗೋತ್ರ ಭಾವನ ಗೋತ್ರವಾದ್ದರಿಂದ ಅಡ್ಡಿಯಿಲ್ಲ. ಗಂಡು ಅದೇ, ಹೆಣ್ಣು ಅದೇ. ಅವರಿಬ್ಬರ ವಂಶವಾಹಿಗಳಲ್ಲಿ ನಾಲ್ಕರಲ್ಲೊಂದು ಪಾಲು ಸಮಾನವೆಂಬ ಲೆಕ್ಕವೂ ಅದೇ. ತೀರ್ಪು ಮಾತ್ರ ಬೇರೆ ಬೇರೆ. ಇವರಲ್ಲಿ ಯಾರೊಬ್ಬರೂ ರಕ್ತವನ್ನು ಅಳೆಯುತ್ತಿಲ್ಲ, ಮೇಲಿನ ಚೀಟಿಯನ್ನು ಓದುತ್ತಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಗೋತ್ರದ ಚೀಟಿಯನ್ನೇ ಸ್ವಲ್ಪ ಬಿಡಿಸಿ ನೋಡಿರಿ. ಧಾರೆ ಎರೆದ ಕ್ಷಣದಿಂದ ಅಕ್ಕ ಗಂಡನ ಗೋತ್ರದವಳಾಗುತ್ತಾಳೆ. ನೀರು ಎರೆದ ಮಾತ್ರಕ್ಕೆ ಅವಳ ರಕ್ತ ಬದಲಾಯಿತೆ? ಶಾಸ್ತ್ರದ ಮಟ್ಟಿಗೆ ಬದಲಾಗಿರಬಹುದು. ಅವಳ ಹೊಟ್ಟೆಯಲ್ಲಿ ಹುಟ್ಟುವ ಮಗಳ ಮಟ್ಟಿಗೆ ಬದಲಾಗುವುದಿಲ್ಲ. ಈಗಿನ ವಾದಪಟುಗಳು ಇದಕ್ಕೊಂದು ಹೊಸ ಸಮರ್ಥನೆಯನ್ನು ಹುಡುಕಿದ್ದಾರೆ: ಗಂಡಸರಲ್ಲಿರುವ ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುವುದರಿಂದ ಗೋತ್ರವೆಂದರೆ ಅದೇ ಎಂಬುದು. ಮನುಷ್ಯನ ಜೀವಕೋಶದಲ್ಲಿರುವುದು 46 ವರ್ಣತಂತುಗಳು. ವೈ ಅವುಗಳಲ್ಲಿ ಒಂದು, ಅದೂ ಗಾತ್ರದಲ್ಲಿ ಚಿಕ್ಕದು. ಉಳಿದ 45ರ ಗತಿಯೇನು? ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬನ ವಂಶವೃಕ್ಷದಲ್ಲಿ 1,024 ಹಿರಿಯರ ಸ್ಥಾನಗಳಿರುತ್ತವೆ. ಗೋತ್ರ ಅವರಲ್ಲಿ ಒಬ್ಬನ ಹೆಸರನ್ನು ಹೇಳಿ, 1,023 ಮಂದಿಯನ್ನು ಮರೆಯುತ್ತದೆ. ಸಾವಿರದಲ್ಲಿ ಒಂದನ್ನು ಎಣಿಸುವುದಕ್ಕೆ ಗಣಿತವೆಂಬ ಹೆಸರು ಸಲ್ಲದು.

ಬಳಿಯ ಲೆಕ್ಕ ಇದಕ್ಕಿಂತ ಮೇಲೆಂದು ನಮ್ಮ ಕರಾವಳಿಯವರು ಹೆಮ್ಮೆಪಡಬೇಕಾಗಿಯೂ ಇಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯಬೇಕಾಗಿತ್ತು. ಅದಕ್ಕೆ ತಕ್ಕ ಗುರುತೇ ಬಳಿ. 1949ರ ಮದ್ರಾಸ್ ಅಳಿಯಸಂತಾನ ಕಾನೂನು, 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಆಸ್ತಿಯ ಆ ಕಟ್ಟು ಸಡಿಲವಾಯಿತು. ಬಳಿ ಮಾತ್ರ ಮದುವೆಯ ಮಾತುಕತೆಯಲ್ಲಿ ಉಳಿದುಕೊಂಡಿತು. ಸೋದರಮಾವನ ಮದುವೆಯನ್ನು ಅದು ತಡೆಯಿತು, ನಿಜ. ಆದರೆ ಬಳಿಯ ಚೀಟಿಯನ್ನಷ್ಟೇ ಓದಿದರೆ ಹೆತ್ತ ತಂದೆಯೇ ಮಗಳಿಗೆ ಹೊರಗಿನವನು! ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೂ ಹೊರಗಿನವರು. ಅಲ್ಲಿ ಅನರ್ಥವಾಗದಂತೆ ಕಾದದ್ದು ಬಳಿಯಲ್ಲ. ಅಣ್ಣ, ತಂಗಿ ಎಂದು ಕರೆಯುವ ನಮ್ಮ ನಾಲಗೆಯ ರೂಢಿ. ಆ ರೂಢಿಯೇ ಮಾವನ ಮಗಳನ್ನೂ ಅತ್ತೆಯ ಮಗಳನ್ನೂ ‘ತಂಗಿ’ ಎಂದು ಕರೆಯದೆ ಬಿಟ್ಟಿತು. ಆದ್ದರಿಂದ ಅವರು ಹೆಂಡತಿಯಾಗಬಹುದಾದವರಾದರು. ಚಿಕ್ಕಪ್ಪನ ಮಗಳಿಗೂ ಮಾವನ ಮಗಳಿಗೂ ರಕ್ತದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಕರೆಯುವ ಹೆಸರಿನಲ್ಲಿ.

‘ಮನುಷ್ಯ ಕೆಟ್ಟಿದ್ದಾನೆ, ಪ್ರಾಣಿಗಳನ್ನು ನೋಡಿ ಕಲಿಯಬೇಕು’ ಎನ್ನುವವರಿದ್ದಾರೆ. ಒಳ್ಳೆಯದು, ನೋಡೋಣ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ರಕ್ತ ರಕ್ತವನ್ನು ಕರೆಯುವುದಾದರೆ ಕಾಗೆ ಆ ಪರಕೀಯ ಮರಿಗೆ ಗುಟುಕು ಕೊಟ್ಟೀತೆ? ಕಾಗೆಗೆ ಗೊತ್ತಿರುವ ನಿಯಮ ಒಂದೇ: ನನ್ನ ಗೂಡಿನಲ್ಲಿರುವುದು ನನ್ನ ಮರಿ. ಸಾಮಾನ್ಯವಾಗಿ ಆ ನಿಯಮ ಸರಿಯಾಗಿಯೇ ಕೆಲಸ ಮಾಡುತ್ತದೆ. ಅದನ್ನು ತಿಳಿದು ಮೋಸಮಾಡುವ ಕೋಗಿಲೆ ಬಂದಾಗ ಮಾತ್ರ ನಿಯಮದ ಟೊಳ್ಳು ಹೊರಬೀಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಾಕ್ಷಿ ನಮ್ಮ ಬೆಂಗಳೂರಿನಲ್ಲೇ ಇದೆ. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ರಾಘವೇಂದ್ರ ಗದಗಕರ್ ಅವರೂ ಅವರ ಶಿಷ್ಯರೂ ರೋಪಾಲಿಡಿಯಾ ಮಾರ್ಜಿನಾಟಾ ಎಂಬ ಕಣಜದ ಸಂಸಾರವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಕಾಗದದಂಥ ಗೂಡು ಕಟ್ಟಿ, ಒಂದು ರಾಣಿಯ ಸುತ್ತ ಕೂಡಿ ಬಾಳುವ ಕಣಜ ಇದು. ತನ್ನ ಗೂಡಿನದು ಯಾವುದು, ಪರರ ಗೂಡಿನದು ಯಾವುದು ಎಂಬುದನ್ನು ಇದು ಗುರುತಿಸಬಲ್ಲುದು. ಹೇಗೆ? ವಾಸನೆಯಿಂದ. ಆ ವಾಸನೆ ರಕ್ತದಲ್ಲಿ ಬಂದದ್ದೆ? ಅಲ್ಲ. ಹುಟ್ಟಿದೊಡನೆ ಗೂಡಿನಿಂದಲೂ ಜೊತೆಯವರಿಂದಲೂ ಬೇರ್ಪಡಿಸಿ ಬೆಳೆಸಿದ ಕಣಜಗಳು ತಮ್ಮ ಒಡಹುಟ್ಟಿದವರನ್ನು ಗುರುತಿಸಲಾರದೆ ಹೋದವೆಂದು 1988ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಮೈಗೆ ಹತ್ತಿದ ವಾಸನೆಯೂ, ಅದನ್ನು ತಿಳಿಯುವ ನೆನಪೂ, ಎರಡೂ ಹುಟ್ಟಿದ ಮೇಲೆ ಗೂಡಿನಿಂದ ಪಡೆದವು. ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುವುದರಿಂದ ಒಂದೇ ಗೂಡಿನಲ್ಲಿ ಬೇರೆ ಬೇರೆ ತಂದೆಯರ ಮಕ್ಕಳಿರುತ್ತಾರೆ. ಪೂರ್ಣ ಸೋದರಿ ಯಾರು, ಅರೆ ಸೋದರಿ ಯಾರು ಎಂದು ಬೇರ್ಪಡಿಸಲು ಗೂಡಿನ ವಾಸನೆ ನೆರವಾಗದು. ಅದಕ್ಕೂ ಮಿಗಿಲಾಗಿ, ಅದೇ ಪ್ರಯೋಗಶಾಲೆಯಿಂದ 2010ರಲ್ಲಿ ಬಂದ ಇನ್ನೊಂದು ಅಭ್ಯಾಸದಲ್ಲಿ, ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟಾಗ ಅವು ಒಂದೇ ಗೂಡಿನವರೆ, ಬೇರೆ ಗೂಡಿನವರೆ ಎಂಬ ಭೇದವನ್ನೇ ಎಣಿಸದೆ ಕೂಡಿದವು.

ಕಣಜಕ್ಕೂ ಒಂದು ಗೋತ್ರವಿದೆ ಎಂದಾಯಿತಲ್ಲವೆ? ಗೂಡಿನ ವಾಸನೆಯೇ ಅದರ ಗೋತ್ರ. ನಮ್ಮದರಂತೆ ಅದಕ್ಕೂ ರಕ್ತದ ಪ್ರಮಾಣ ತಿಳಿಯದು.

ಹಾಗಾದರೆ ಕಣಜದ ಕುಲ ಕೆಡದೆ ಉಳಿದದ್ದು ಹೇಗೆ? ಉತ್ತರ ಬಹಳ ಸರಳ: ಗಂಡು ಕಣಜ ಹುಟ್ಟಿ ಸುಮಾರು ಒಂದು ವಾರದೊಳಗೆ ತವರುಗೂಡನ್ನು ಬಿಟ್ಟು ಹೋಗುತ್ತದೆ, ಮತ್ತೆ ಅಲ್ಲಿಗೆ ಸಂಸಾರ ಹೂಡಲು ಬರುವುದಿಲ್ಲ. ನಮ್ಮ ಕಾಡುಗಳಲ್ಲೂ ಇದೇ ಕಥೆ. ಆನೆಯ ಹಿಂಡಿನಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಕೂಡಿರುತ್ತಾರೆ. ಗಂಡುಮರಿ ಪ್ರಾಯಕ್ಕೆ ಬಂದೊಡನೆ ಹಿಂಡು ಬಿಡುತ್ತದೆ. ಊರ ಕೋತಿಯಲ್ಲೂ ಸಿಂಗಳೀಕದಲ್ಲೂ ಹೆಣ್ಣು ಹುಟ್ಟಿದ ಗುಂಪಿನಲ್ಲೇ ಉಳಿದರೆ, ಗಂಡು ಬೇರೆ ಗುಂಪನ್ನು ಹುಡುಕಿಕೊಂಡು ಹೋಗುತ್ತದೆ. ಜೇನಿನ ರಾಣಿ ಗೂಡಿನ ಒಳಗೆ ಕೂಡುವುದೇ ಇಲ್ಲ. ಆಕಾಶಕ್ಕೆ ಹಾರಿ, ಎಲ್ಲೆಲ್ಲಿಂದಲೋ ಬಂದ ಹಲವು ಗಂಡುಗಳನ್ನು ಕೂಡಿ ಹಿಂತಿರುಗುತ್ತದೆ. ಹಾಗೆ ಹಾರುವ ಶ್ರಮವೇಕೆಂದರೆ, ಜೇನಿನಲ್ಲಿ ದಾಯಾದಿ ಮದುವೆಯ ದಂಡ ಕೂಡಲೇ ಕಣ್ಣಿಗೆ ಕಾಣುತ್ತದೆ. ಲಿಂಗವನ್ನು ನಿರ್ಧರಿಸುವ ವಂಶವಾಹಿಯ ಒಂದೇ ಬಗೆಯ ಪ್ರತಿ ತಾಯಿತಂದೆ ಇಬ್ಬರಿಂದಲೂ ಬಂದರೆ, ಹೆಣ್ಣಾಗಬೇಕಾಗಿದ್ದ ಮೊಟ್ಟೆ ಕೆಲಸಕ್ಕೆ ಬಾರದ ಗಂಡಾಗುತ್ತದೆ. ಒಡಹುಟ್ಟಿದವರು ಕೂಡಿದರೆ ಅಂಥ ಮೊಟ್ಟೆಗಳು ಅರ್ಧದವರೆಗೂ ಇರಬಹುದು. ಆ ಮರಿಗಳನ್ನು ಕೆಲಸಗಾರ ನೊಣಗಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತವೆ. ಇದನ್ನು 1963ರಲ್ಲಿ ಪೋಲೆಂಡಿನ ಯೆರ್ಜಿ ವೊಯ್ಕೆ ಎಂಬ ವಿದ್ವಾಂಸರು ತೋರಿಸಿಕೊಟ್ಟರು.

ವಾಸನೆಯಿಂದಲೇ ಸಂಗಾತಿಯನ್ನು ಆರಿಸುವ ಪ್ರಾಣಿ ಇಲ್ಲವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೆಣ್ಣಿಲಿ ತನ್ನ ಮನೆಯವರ ವಾಸನೆಯ ಗಂಡನ್ನು ಬಿಟ್ಟು ಬೇರೆ ವಾಸನೆಯವನನ್ನು ಆರಿಸುವುದುಂಟು. ಆದರೆ ಅದೇ ಇಲಿಯನ್ನು ಎಳವೆಯಲ್ಲಿ ಬೇರೆ ತಾಯಿಯ ಬಳಿ ಬೆಳೆಸಿದರೆ, ಸಾಕುಮನೆಯ ವಾಸನೆಯನ್ನೇ ತನ್ನವರದೆಂದು ತಿಳಿದು ಅದನ್ನು ದೂರವಿಡುತ್ತದೆ. ಅಲ್ಲೂ ಕಲಿತದ್ದೇ ಹೊರತು ರಕ್ತದ ಕರೆಯಲ್ಲ.

ಮನುಷ್ಯರಲ್ಲೂ ಇಂಥದೊಂದು ಗುರುತು ಇದೆಯೆಂದು 1891ರಲ್ಲಿ ಫಿನ್‌ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ ವಾದಿಸಿದರು: ಎಳವೆಯಿಂದ ಒಟ್ಟಿಗೆ ಬೆಳೆದವರಲ್ಲಿ ದೊಡ್ಡವರಾದ ಮೇಲೆ ಪರಸ್ಪರ ಕಾಮನೆ ಹುಟ್ಟುವುದಿಲ್ಲ. ಇಸ್ರೇಲಿನ ಕಿಬ್ಬುಟ್ಸ್ ಎಂಬ ಸಾಮೂಹಿಕ ಹಳ್ಳಿಗಳಲ್ಲಿ ಮಕ್ಕಳನ್ನು ಒಂದೇ ಶಿಶುಗೃಹದಲ್ಲಿ ಬೆಳೆಸುತ್ತಿದ್ದರು. ಅವರಿಗೆ ರಕ್ತಸಂಬಂಧವಿರಲಿಲ್ಲ, ಮದುವೆಗೆ ಯಾರ ಅಡ್ಡಿಯೂ ಇರಲಿಲ್ಲ. ಜೋಸೆಫ್ ಶೆಫರ್ ಎಂಬವರು ಅಲ್ಲಿನ 2,769 ಮದುವೆಗಳ ದಾಖಲೆ ನೋಡಿ 1971ರಲ್ಲಿ ವರದಿ ಮಾಡಿದರು. ಎಳವೆಯ ಮೊದಲ ಆರು ವರ್ಷವನ್ನೂ ಬಿಡದೆ ಜೊತೆಯಲ್ಲಿ ಕಳೆದ ಜೋಡಿ ಅವುಗಳಲ್ಲಿ ಒಂದೂ ಇರಲಿಲ್ಲ. ನಮಗೆ ಪ್ರಕೃತಿ ಕೊಟ್ಟ ಗುರುತು ಇದ್ದರೆ ಅದು ಇಷ್ಟೇ: ತೊಟ್ಟಿಲಿನ ಒಡನಾಟ.

ಈಗ ಈ ಗುರುತಿಗೆ ನಾವು ಕೊಡುವ ಗೌರವವೆಷ್ಟು ನೋಡಿರಿ. ಘಟ್ಟದ ಮೇಲಿಂದ ಬಂದು ನಮ್ಮ ಕಡೆ ನೆಲೆಸಿದ ಒಂದು ಮನೆಯಲ್ಲಿ ಪದವಿ ಮುಗಿಸಿದ ಹುಡುಗಿಯನ್ನು ಅವಳ ಸೋದರಮಾವನಿಗೇ ಕೊಡುವ ಮಾತು ನಡೆದಿತ್ತು. ಮನೆಯ ಹಿರಿಯರು ನನ್ನಲ್ಲಿ ಹೇಳಿದರು: “ಗೋತ್ರ ಬೇರೆ ಅಂದ ಮೇಲೆ ಮತ್ತೇನು ತಕರಾರು ಮಾಸ್ಟ್ರೆ? ಹುಡುಗಿ ಕಣ್ಣೆದುರಿಗೇ ಇರ್ತಾಳೆ, ಆಸ್ತಿಯೂ ಹೊರಗೆ ಹೋಗೋದಿಲ್ಲ.” ಹುಡುಗಿ ನಮ್ಮ ಊರಿನ ಮಾತಿನಲ್ಲೇ ಬೆಳೆದವಳು. ಅವಳು ಹೇಳಿದ್ದು ಇಷ್ಟು: “ಸರ್, ಮಾವನ ಹೆಗಲ್ ಮೇಲೆ ಕೂತ್ಕಂಡ್ ಕೋಟೇಶ್ವರದ ಕೊಡಿ ಹಬ್ಬದ ತೇರ್ ಕಂಡವ್ಳ್ ನಾನ್. ಅವ್ರನ್ನ ಗಂಡ ಅಂದೇಳಿ ಹ್ಯಾಂಗ್ ಕಾಂಬುದ್?” ಇಡೀ ಮನೆಯಲ್ಲಿ ಪ್ರಕೃತಿಯ ದನಿ ಕೇಳಿಬಂದದ್ದು ಆ ಹುಡುಗಿಯ ಬಾಯಲ್ಲಿ ಮಾತ್ರ. ಅದನ್ನು ‘ಹುಡುಗಾಟ’ ಎಂದು ತಳ್ಳಿಹಾಕಿದವರೇ ಮರುಗಳಿಗೆಯಲ್ಲಿ ರಕ್ತದ ಕರೆಯ ಬಗ್ಗೆ ಉಪನ್ಯಾಸ ಕೊಟ್ಟರು!

ಇದು ಎಲ್ಲೋ ಒಂದು ಮನೆಯ ಕಥೆಯೆನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತಸಂಬಂಧದೊಳಗಿನವು. ದೇಶದ ಸರಾಸರಿ 11. ಸೋದರಮಾವನ ಮದುವೆಯಲ್ಲಿ ಹುಟ್ಟಿದ ಮಗುವಿನ ವಂಶವಾಹಿಗಳಲ್ಲಿ ಎಂಟರಲ್ಲೊಂದು ಪಾಲು ಎರಡೂ ಕಡೆಯಿಂದ ಒಂದೇ ಮೂಲದ ಪ್ರತಿಯಾಗಿ ಬಂದಿರುತ್ತದೆ; ಮಾವನ ಮಗಳು, ಅತ್ತೆಯ ಮಗಳಾದರೆ ಹದಿನಾರರಲ್ಲೊಂದು. ಮನುಷ್ಯರಾದ ನಾವೆಲ್ಲರೂ ಒಂದೆರಡು ಕೆಟ್ಟ ಪ್ರತಿಗಳನ್ನು ಹೊತ್ತೇ ಓಡಾಡುತ್ತೇವೆ. ಇನ್ನೊಂದು ಒಳ್ಳೆಯ ಪ್ರತಿ ಇರುವುದರಿಂದ ಅವು ತೋರುವುದಿಲ್ಲ. ಎರಡೂ ಕೆಟ್ಟದೇ ಆದಾಗ ಹುಟ್ಟು ಕಿವುಡು, ರಕ್ತದ ರೋಗ, ಬುದ್ಧಿ ಬೆಳೆಯದಿರುವಿಕೆ ಮುಂತಾದವು ಕಾಣಿಸಿಕೊಳ್ಳುತ್ತವೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಭ್ಯಾಸವೊಂದರಲ್ಲಿ, ಹುಟ್ಟು ನ್ಯೂನತೆಯ ಅಪಾಯ ನೂರಕ್ಕೆ ಸುಮಾರು 3 ಇದ್ದದ್ದು, ದೊಡ್ಡಪ್ಪ ಚಿಕ್ಕಪ್ಪ, ಅತ್ತೆ ಮಾವಂದಿರ ಮಕ್ಕಳು ಮದುವೆಯಾದಾಗ ಸುಮಾರು 6ಕ್ಕೆ ಏರಿತ್ತು.

ಈ ಲೆಕ್ಕದ ಇನ್ನೊಂದು ಮಗ್ಗುಲನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನೂರಕ್ಕೆ 94 ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಈಗಾಗಲೇ ಮದುವೆಯಾದವರನ್ನು ಹೆದರಿಸುವುದು, ಅವರ ಮಕ್ಕಳ ಸಣ್ಣ ಕೆಮ್ಮಿಗೂ ‘ಸಂಬಂಧದೊಳಗೆ ಆದದ್ದರಿಂದ’ ಎನ್ನುವುದು ಕ್ರೌರ್ಯ. ವಂಶದಲ್ಲಿ ಬರುವ ಎಲ್ಲ ರೋಗಗಳಿಗೂ ಇದೇ ಕಾರಣವೂ ಅಲ್ಲ. ನಮ್ಮಿಂದ ಘಟ್ಟ ಹತ್ತಿದರೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಮೂಳೆಯ ಕಾಯಿಲೆ ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಅದನ್ನು ದಾಯಾದಿ ಮದುವೆಯ ಶಾಪವೆಂದು ಆ ಬಡವರ ತಲೆಗೆ ಕಟ್ಟುವುದು ಅನ್ಯಾಯ.

‘ನಮ್ಮ ಅಜ್ಜಂದಿರು ಮಾಡಲಿಲ್ಲವೆ? ಏನಾಯಿತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹತ್ತು ಹೆತ್ತು ಐದು ಉಳಿಸಿಕೊಳ್ಳುತ್ತಿದ್ದ ಕಾಲದಲ್ಲಿ ಹೋದ ಐದನ್ನು ಯಾವ ಅಜ್ಜ ಲೆಕ್ಕವಿಟ್ಟಿದ್ದ? ಜ್ವರಕ್ಕೆ ಹೋದದ್ದು, ದೃಷ್ಟಿ ತಾಗಿ ಹೋದದ್ದು, ವಂಶದ ದೋಷದಿಂದ ಹೋದದ್ದು, ಎಲ್ಲವೂ ದೇವರ ಇಚ್ಛೆಯ ಒಂದೇ ಖಾತೆಗೆ ಬೀಳುತ್ತಿದ್ದವು. ಲೆಕ್ಕವಿಟ್ಟ ಮನೆತನಗಳ ಕಥೆ ಬೇರೆಯೇ ಇದೆ. ಸ್ಪೇನಿನ ದೊರೆ ನಾಲ್ಕನೆಯ ಫಿಲಿಪ್ 1649ರಲ್ಲಿ ತನ್ನ ಸ್ವಂತ ಸೋದರಿಯ ಮಗಳನ್ನು ಮದುವೆಯಾದ. ಅವರ ಮಗ ಎರಡನೆಯ ಚಾರ್ಲ್ಸ್ ಹುಟ್ಟಿನಿಂದ ರೋಗಿ. 1700ರಲ್ಲಿ ಸಂತಾನವಿಲ್ಲದೆ ಸತ್ತ. ಆ ಸಿಂಹಾಸನಕ್ಕಾಗಿ ಯುರೋಪು ಹತ್ತಾರು ವರ್ಷ ಹೊಡೆದಾಡಿತು. ಆಸ್ತಿ ಹೊರಗೆ ಹೋಗಬಾರದೆಂದು ಮಾಡಿದ ಮದುವೆಗಳಿಂದ ರಾಜ್ಯವೇ ಹೊರಗೆ ಹೋಯಿತು.

ಗೋತ್ರವಾದಿಗಳು ಗಮನಿಸದ ಇನ್ನೊಂದು ಬೇಲಿ ಇದೆ, ಅದು ಜಾತಿ. ಗೋತ್ರ ಒಂದು ಬಾಗಿಲನ್ನು ಮುಚ್ಚಿದರೆ, ಜಾತಿ ಒಂದು ಕಿಟಕಿಯನ್ನಷ್ಟೇ ತೆರೆದಿಡುತ್ತದೆ. ಶರಾವತಿ ಕಣಿವೆಯ ಸಿಂಗಳೀಕಗಳ ಕಾಡು ರಸ್ತೆ, ತೋಟಗಳಿಂದ ತುಂಡಾದರೆ ಗಂಡುಗಳು ಬೇರೆ ಗುಂಪಿಗೆ ಹೋಗಲಾರವು. ಕಾಡಿನ ತುಂಡುಗಳನ್ನು ಜೋಡಿಸಿರೆಂದು ಪ್ರಾಣಿಶಾಸ್ತ್ರಜ್ಞರು ಮೊರೆಯಿಡುವುದು ಅದಕ್ಕೇ. ನಾವು ನಮ್ಮ ಸಮಾಜವನ್ನೇ ಅಂಥ ತುಂಡುಗಳನ್ನಾಗಿ ಕಡಿದು ಇಟ್ಟುಕೊಂಡಿದ್ದೇವೆ. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ದಕ್ಷಿಣ ಏಷ್ಯದ 263 ಸಮುದಾಯಗಳನ್ನು ಪರೀಕ್ಷಿಸಿತು. ಕೆಲವೇ ಮೂಲಪುರುಷರಿಂದ ಬೆಳೆದು ತಮ್ಮೊಳಗೇ ಮದುವೆಯಾಗುತ್ತ ಬಂದದ್ದರ ಗುರುತು 81 ಸಮುದಾಯಗಳಲ್ಲಿ ಬಲವಾಗಿತ್ತು. ವಂಶರೋಗಗಳಿಗಾಗಿ ಪ್ರಸಿದ್ಧರಾದ ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತಲೂ ಫಿನ್ನರಿಗಿಂತಲೂ ಬಲವಾಗಿತ್ತು.

ಕಾನೂನು ಏನೆನ್ನುತ್ತದೆ? ಸಗೋತ್ರ ವಿವಾಹದ ಅಡ್ಡಿಯನ್ನು 1946ರ ಕಾನೂನೇ ತೆಗೆದುಹಾಕಿತು. 1955ರ ಹಿಂದೂ ವಿವಾಹ ಕಾನೂನು ಗೋತ್ರವನ್ನು ಬಿಟ್ಟು ನಿಜವಾದ ಪೀಳಿಗೆಗಳನ್ನೇ ಎಣಿಸಿತು: ತಾಯಿಯ ಕಡೆ ಮೂರು, ತಂದೆಯ ಕಡೆ ಐದು. ಸೋದರಮಾವ–ಸೊಸೆಯ ಸಂಬಂಧವನ್ನು ಹೆಸರಿಸಿಯೇ ನಿಷೇಧಿಸಿತು. ಆದರೆ ‘ರೂಢಿ ಇದ್ದಲ್ಲಿ ಈ ನಿಷೇಧವಿಲ್ಲ’ ಎಂಬ ಹಿಂಬಾಗಿಲನ್ನೂ ತೆರೆದಿಟ್ಟಿತು. ರೋಗ ರೂಢಿಯಲ್ಲೇ ಇರುವಾಗ ರೂಢಿಗೆ ರಿಯಾಯಿತಿ ಕೊಟ್ಟರೆ ಕಾನೂನು ಯಾರಿಗಾಗಿ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಸೋದರಮಾವನ ಮದುವೆಯ ಮಟ್ಟಿಗಾದರೂ ಆ ಹಿಂಬಾಗಿಲನ್ನು ಮುಚ್ಚಬೇಕು. ಮಾವನ ಮಗಳು, ಅತ್ತೆಯ ಮಗನನ್ನು ಕೇಳುವ ಮೊದಲು ಮೂರು ತಲೆಮಾರಿನ ವಂಶವೃಕ್ಷವನ್ನು ಕಾಗದದ ಮೇಲೆ ಬರೆದು, ಎಳವೆಯಲ್ಲೇ ಹೋದ ಮಕ್ಕಳು ಯಾರು, ಕಿವುಡು ಮೂಕತನ ಯಾರಿಗಿತ್ತು ಎಂಬುದನ್ನು ಮುಚ್ಚಿಡದೆ ಗುರುತಿಸಿ, ವೈದ್ಯರಿಗೆ ತೋರಿಸಬೇಕು. ಮಣಿಪಾಲದಲ್ಲಿ ವಂಶವಾಹಿ ವೈದ್ಯಶಾಸ್ತ್ರದ ವಿಭಾಗವೇ ಇದೆ. ಶಿರೂರಿನಿಂದ ಬಸ್ಸು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಜಾತಕ ಹಿಡಿದು ಮೂರು ಜೋಯಿಸರ ಮನೆ ಸುತ್ತುವವರಿಗೆ ಇದು ಭಾರವಾಗದು. ಎಲ್ಲಕ್ಕಿಂತ ಮೊದಲು, ‘ನನಗೆ ಒಲ್ಲೆ’ ಎಂದ ಹುಡುಗಿಯ ಮಾತನ್ನು ಮಾತೆಂದು ಎಣಿಸಬೇಕು.

ಕಣಜಕ್ಕೆ ಎಣಿಸಲು ಬಾರದು, ಆದ್ದರಿಂದ ಅದು ಹಾರಿಹೋಗುತ್ತದೆ. ಆನೆಗೆ ವಂಶವೃಕ್ಷ ಬರೆಯಲು ಬಾರದು, ಆದ್ದರಿಂದ ಅದು ಹಿಂಡು ಬಿಡುತ್ತದೆ. ನಮಗೆ ಎಣಿಸಲೂ ಬರುತ್ತದೆ, ಬರೆಯಲೂ ಬರುತ್ತದೆ. ಎರಡನ್ನೂ ಮಾಡದೆ ಮನೆಯೊಳಗೇ ಕುಳಿತು, ಋಷಿಯ ಹೆಸರೊಂದು ಬೇರೆಯಾಗಿದೆ ಎಂಬ ಧೈರ್ಯದ ಮೇಲೆ ಮಕ್ಕಳನ್ನು ಹೆರುವುದು ಋಷಿಗಳಿಗೂ ಗೌರವವಲ್ಲ, ಮಕ್ಕಳಿಗೂ ಕ್ಷೇಮವಲ್ಲ.